ಕರ್ನಾಟಕದ ಪ್ರಮುಖ ಹೆದ್ದಾರಿಗಳು ಮತ್ತು ಲಾರಿ ಅಪಘಾತಗಳು

ಕರ್ನಾಟಕದ ಹೆದ್ದಾರಿಗಳಲ್ಲಿ ಲಾರಿ, ಟಿಪ್ಪರ್, ಟ್ಯಾಂಕರ್, ಕಂಟೇನರ್ ಮೊದಲಾದ ಭಾರೀ ಸರಕು ವಾಹನಗಳು ಒಳಗೊಂಡ ಅಪಘಾತಗಳು ರಾಜ್ಯದ ರಸ್ತೆ ಸುರಕ್ಷತೆಯ ಮುಖ್ಯ ಸಮಸ್ಯೆಗಳಲ್ಲಿ ಒಂದಾಗಿವೆ. 1,91,791 ಚದರ ಕಿ.ಮೀ. ವಿಸ್ತೀರ್ಣವುಳ್ಳ ಈ ರಾಜ್ಯದಲ್ಲಿ ಸುಮಾರು 8,000 ಕಿ.ಮೀ. ಉದ್ದದ ರಾಷ್ಟ್ರೀಯ ಹೆದ್ದಾರಿಗಳಿವೆ. ಮುಂಬಯಿ, ಚೆನ್ನೈ, ಹೈದರಾಬಾದ್, ಗೋವಾ ಮತ್ತು ಕೇರಳಗಳ ನಡುವೆ ಸಾಗುವ ಸರಕಿನ ದೊಡ್ಡ ಪಾಲು ಇವುಗಳ ಮೂಲಕವೇ ಹಾದುಹೋಗುತ್ತದೆ. ಭಾರತದ ಒಟ್ಟು ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು ಶೇ. 2 ಮಾತ್ರ. ಆದರೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,68,491 ಜನರಲ್ಲಿ ಶೇ. 36ರಷ್ಟು ಮಂದಿ ಈ ಹೆದ್ದಾರಿಗಳಲ್ಲೇ ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕದಲ್ಲಿ 39,762 ಅಪಘಾತಗಳು ಸಂಭವಿಸಿ 11,702 ಮಂದಿ ಮೃತಪಟ್ಟರು.

ಲಾರಿ ಅಪಘಾತಗಳ ಸ್ವರೂಪವು ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ. ಬಯಲುಸೀಮೆಯ ಚತುಷ್ಪಥ ಹೆದ್ದಾರಿಗಳಲ್ಲಿ ರಾತ್ರಿ ವೇಳೆ ನಿಂತ ಲಾರಿಗೆ ಹಿಂದಿನಿಂದ ಡಿಕ್ಕಿ ಹೊಡೆಯುವುದು, ದ್ವಿಪಥ ರಸ್ತೆಗಳಲ್ಲಿ ಮುಖಾಮುಖಿ ಡಿಕ್ಕಿ, ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ ಬ್ರೇಕ್ ವೈಫಲ್ಯ ಮತ್ತು ಪಲ್ಟಿ, ಕರಾವಳಿಯ ಮಾರ್ಗಗಳಲ್ಲಿ ಅನಿಲ ಟ್ಯಾಂಕರ್ ದುರಂತಗಳು ಮುಖ್ಯವಾಗಿ ಕಂಡುಬರುತ್ತವೆ. ಇಂತಹ ಅಪಘಾತಗಳಲ್ಲಿ ಲಾರಿಯೊಳಗಿದ್ದವರಿಗಿಂತ ಕಾರು, ಟೆಂಪೊ, ಕ್ರೂಸರ್ ಹಾಗೂ ದ್ವಿಚಕ್ರ ವಾಹನಗಳಲ್ಲಿದ್ದವರೇ ಹೆಚ್ಚಾಗಿ ಸಾವಿಗೀಡಾಗುತ್ತಾರೆ.

ಹಿನ್ನೆಲೆ

ದಕ್ಷಿಣ ಭಾರತದ ಸರಕು ಸಾಗಣೆಯಲ್ಲಿ ಕರ್ನಾಟಕದ ಭೌಗೋಳಿಕ ಸ್ಥಾನ ಮುಖ್ಯವಾದುದು. ಮುಂಬಯಿ–ಚೆನ್ನೈ ಮತ್ತು ಹೈದರಾಬಾದ್–ಕನ್ಯಾಕುಮಾರಿ ಮಾರ್ಗಗಳು ಬೆಂಗಳೂರಿನಲ್ಲಿ ಕೂಡುತ್ತವೆ. ಪಣಂಬೂರಿನ ನವಮಂಗಳೂರು ಬಂದರಿನಿಂದ ಒಳನಾಡಿಗೆ ಇಂಧನ, ಖಾದ್ಯತೈಲ, ರಸಗೊಬ್ಬರಗಳು ರಸ್ತೆಯ ಮೂಲಕವೂ ಸಾಗುತ್ತವೆ. ಕಲಬುರಗಿ ಜಿಲ್ಲೆಯ ಸಿಮೆಂಟ್, ಬಳ್ಳಾರಿ ಭಾಗದ ಅದಿರು ಮತ್ತು ಉಕ್ಕು, ಕೋಲಾರದ ತರಕಾರಿ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಕಬ್ಬು ರಾಜ್ಯದೊಳಗಿನ ಭಾರೀ ಸಂಚಾರಕ್ಕೆ ಕಾರಣವಾಗಿವೆ.

1999ರಲ್ಲಿ ಆರಂಭವಾದ ಸುವರ್ಣ ಚತುಷ್ಕೋನ ಯೋಜನೆಯಡಿ ಮುಂಬಯಿ–ಚೆನ್ನೈ ಮಾರ್ಗದ ಕರ್ನಾಟಕ ಭಾಗವು ನಾಲ್ಕು ಅಥವಾ ಹೆಚ್ಚಿನ ಪಥಗಳಿಗೆ ವಿಸ್ತರಣೆಗೊಂಡಿತು. ಇದರಿಂದ ಪ್ರಯಾಣದ ಅವಧಿ ತಗ್ಗಿತು, ವಾಹನಗಳ ವೇಗ ಹೆಚ್ಚಿತು. ಆದರೆ ಹೆದ್ದಾರಿಯ ಇಕ್ಕೆಲದ ಊರುಗಳ ಜನರು ದಾಟಲು ಬಳಸುತ್ತಿದ್ದ ಹಳೆಯ ಅಡ್ಡರಸ್ತೆಗಳು, ಬಸ್ ನಿಲುಗಡೆಗಳು ಮತ್ತು ಲಾರಿಗಳು ತಂಗುತ್ತಿದ್ದ ಢಾಬಾಗಳು ಅನೇಕ ಕಡೆಗಳಲ್ಲಿ ಇದ್ದಲ್ಲಿಯೇ ಉಳಿದವು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಮರುನಿಗದಿ ಮಾಡಲಾಯಿತು. ಜನಬಳಕೆಯಲ್ಲಿ ಈಗಲೂ ಹಳೆಯ ಸಂಖ್ಯೆಗಳು ಕೇಳಿಬರುತ್ತವೆ.

2000ದ ದಶಕದಲ್ಲಿ ವಿದೇಶಗಳಿಂದ, ವಿಶೇಷವಾಗಿ ಚೀನಾದಿಂದ, ಕಬ್ಬಿಣದ ಅದಿರಿಗೆ ಬೇಡಿಕೆ ಹೆಚ್ಚಿದಾಗ ಬಳ್ಳಾರಿ, ಸಂಡೂರು ಮತ್ತು ಹೊಸಪೇಟೆ ಭಾಗದಿಂದ ಬೇಲೆಕೇರಿ, ಕಾರವಾರ ಮತ್ತು ಮಂಗಳೂರು ಬಂದರುಗಳಿಗೆ ಅದಿರಿನ ಲಾರಿಗಳ ಸಂಚಾರ ತೀವ್ರವಾಯಿತು. ಮಿತಿಮೀರಿದ ಭಾರ ಹೊತ್ತ ಲಾರಿಗಳಿಂದ ರಸ್ತೆಗಳು ಹದಗೆಟ್ಟವು. ಗಣಿ ಪ್ರದೇಶ ಹಾಗೂ ಬಂದರು ಮಾರ್ಗದ ಊರುಗಳಲ್ಲಿ ಧೂಳು ಮತ್ತು ಅಪಘಾತಗಳ ವಿರುದ್ಧ ಪ್ರತಿಭಟನೆಗಳು ನಡೆದವು. ರಾಜ್ಯ ಸರ್ಕಾರವು 2010ರ ಜುಲೈನಲ್ಲಿ ಅದಿರಿನ ರಫ್ತನ್ನು ನಿಷೇಧಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು ಅಕ್ರಮ ಗಣಿಗಾರಿಕೆಯೊಂದಿಗೆ ಅದಿರಿನ ಅಧಿಕ ಭಾರದ ಸಾಗಣೆಯನ್ನೂ ಪರಿಶೀಲಿಸಿತ್ತು.

ಪ್ರಮುಖ ಹೆದ್ದಾರಿಗಳು

ರಾಷ್ಟ್ರೀಯ ಹೆದ್ದಾರಿ 48

ದೆಹಲಿ ಮತ್ತು ಚೆನ್ನೈಗಳನ್ನು ಜೈಪುರ, ಅಹಮದಾಬಾದ್, ಮುಂಬಯಿ, ಪುಣೆಗಳ ಮೂಲಕ ಜೋಡಿಸುವ ಈ ಹೆದ್ದಾರಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬಳಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಲಮಂಗಲಗಳನ್ನು ಹಾದು ಬೆಂಗಳೂರನ್ನು ತಲುಪಿ, ಅತ್ತಿಬೆಲೆಯ ಬಳಿ ತಮಿಳುನಾಡನ್ನು ಸೇರುತ್ತದೆ. ಹಿಂದೆ ಇದರ ನಿಪ್ಪಾಣಿಯಿಂದ ಬೆಂಗಳೂರಿನವರೆಗಿನ ಭಾಗವು ರಾಷ್ಟ್ರೀಯ ಹೆದ್ದಾರಿ 4ರ ಭಾಗವಾಗಿತ್ತು. ರಾಜ್ಯದಲ್ಲಿ ದೂರಪ್ರಯಾಣದ ಲಾರಿಗಳ ಸಂಚಾರ ಅತಿ ಹೆಚ್ಚಾಗಿರುವ ಮಾರ್ಗಗಳಲ್ಲಿ ಇದು ಒಂದು. ರಾತ್ರಿ ಬೆಂಗಳೂರು ಬಿಟ್ಟ ಖಾಸಗಿ ಹಾಗೂ ಸರ್ಕಾರಿ ಬಸ್ಸುಗಳು ಇದೇ ರಸ್ತೆಯಲ್ಲಿ ಸಾಗುವುದರಿಂದ ಮಧ್ಯರಾತ್ರಿಯಿಂದ ಮುಂಜಾನೆಯವರೆಗೂ ಇಲ್ಲಿ ಸಂಚಾರ ದಟ್ಟವಾಗಿರುತ್ತದೆ.

ಈ ಮಾರ್ಗದಲ್ಲಿ ಧಾರವಾಡದ ನರೇಂದ್ರ ಕ್ರಾಸ್‌ನಿಂದ ಹುಬ್ಬಳ್ಳಿಯ ಗಬ್ಬೂರಿನವರೆಗಿನ ಸುಮಾರು 30 ಕಿ.ಮೀ. ಬೈಪಾಸ್ ದೀರ್ಘಕಾಲ ದ್ವಿಪಥವಾಗಿಯೇ ಉಳಿದಿತ್ತು. ಎರಡೂ ಬದಿಯ ಚತುಷ್ಪಥದಲ್ಲಿ ವೇಗವಾಗಿ ಬರುವ ವಾಹನಗಳು ವಿಭಜಕವಿಲ್ಲದ ಕಿರಿದಾದ ರಸ್ತೆಗೆ ಇಳಿಯುತ್ತಿದ್ದುದರಿಂದ ಮುಖಾಮುಖಿ ಡಿಕ್ಕಿಗಳು ಪದೇ ಪದೇ ಸಂಭವಿಸಿದವು. ಸ್ಥಳೀಯರು ಮತ್ತು ಪತ್ರಿಕೆಗಳು ಇದನ್ನು ಸಾವಿನ ಬೈಪಾಸ್ ಎಂದು ಕರೆದವು. 2021ರ ಅಪಘಾತದ ನಂತರ ಒತ್ತಾಯ ತೀವ್ರಗೊಂಡು, ಬೈಪಾಸನ್ನು ಷಟ್ಪಥವಾಗಿ ವಿಸ್ತರಿಸುವ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಯಿತು.

ರಾಷ್ಟ್ರೀಯ ಹೆದ್ದಾರಿ 44

ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸಾಗುವ ಈ ಹೆದ್ದಾರಿಯು ಬಾಗೇಪಲ್ಲಿಯ ಬಳಿ ಆಂಧ್ರಪ್ರದೇಶದಿಂದ ರಾಜ್ಯವನ್ನು ಪ್ರವೇಶಿಸುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ, ಬೆಂಗಳೂರುಗಳ ಮೂಲಕ ಹೊಸೂರಿನ ಕಡೆಗೆ ಸಾಗುತ್ತದೆ. ಬೆಂಗಳೂರಿನಿಂದ ಮುಂದೆ ಹೆದ್ದಾರಿ 48 ಮತ್ತು 44 ಒಂದೇ ರಸ್ತೆಯಾಗಿವೆ. ಚಳಿಗಾಲದ ಬೆಳಗಿನಲ್ಲಿ ಚಿಕ್ಕಬಳ್ಳಾಪುರ ಹಾಗೂ ದೇವನಹಳ್ಳಿ ಭಾಗದಲ್ಲಿ ಕವಿಯುವ ದಟ್ಟ ಮಂಜು ಈ ಮಾರ್ಗದ ವಿಶೇಷ ಅಪಾಯವಾಗಿದೆ.

ರಾಷ್ಟ್ರೀಯ ಹೆದ್ದಾರಿ 66

ಪನ್ವೇಲ್ ಮತ್ತು ಕನ್ಯಾಕುಮಾರಿಗಳ ನಡುವಿನ ಈ ಕರಾವಳಿ ಹೆದ್ದಾರಿ ಮಾಜಾಳಿಯಿಂದ ತಲಪಾಡಿಯವರೆಗೆ ಕರ್ನಾಟಕದಲ್ಲಿದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರುಗಳನ್ನು ಜೋಡಿಸುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎನಿಸಿದ್ದ ಈ ರಸ್ತೆಯ ಎರಡೂ ಬದಿಗೆ ಜನವಸತಿ ಎಡೆಬಿಡದೆ ಹಬ್ಬಿರುವುದರಿಂದ ಭಾರೀ ಸರಕು ವಾಹನಗಳು, ಸ್ಥಳೀಯ ಬಸ್ಸುಗಳು, ಶಾಲಾ ಮಕ್ಕಳು ಮತ್ತು ದ್ವಿಚಕ್ರ ವಾಹನಗಳು ಒಂದೇ ರಸ್ತೆಯನ್ನು ಬಳಸುತ್ತವೆ. ಗುಡ್ಡಗಳನ್ನು ನೇರವಾಗಿ ಕಡಿದು ರಸ್ತೆ ಅಗಲಗೊಳಿಸಿದ ಕಡೆಗಳಲ್ಲಿ ಮಳೆಗಾಲದ ಭೂಕುಸಿತವೂ ಅಪಾಯಗಳಲ್ಲಿ ಸೇರಿದೆ.

ರಾಷ್ಟ್ರೀಯ ಹೆದ್ದಾರಿ 75

ಬಂಟ್ವಾಳದಿಂದ ಹೊರಟು ಉಪ್ಪಿನಂಗಡಿ, ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ, ಬೆಂಗಳೂರು, ಕೋಲಾರ, ಮುಳಬಾಗಿಲುಗಳ ಮೂಲಕ ತಮಿಳುನಾಡಿನ ವೆಲ್ಲೂರನ್ನು ತಲುಪುವ ಹೆದ್ದಾರಿ ಇದು. ಮಂಗಳೂರು ಬಂದರನ್ನು ರಾಜಧಾನಿಗೆ ಜೋಡಿಸುವ ಮುಖ್ಯ ಸರಕು ಮಾರ್ಗವಾಗಿದೆ. ಸಕಲೇಶಪುರ ಮತ್ತು ಗುಂಡ್ಯಗಳ ನಡುವಿನ ಶಿರಾಡಿ ಘಾಟಿಯು ಇದರ ಅತ್ಯಂತ ಕಠಿಣ ಭಾಗವಾಗಿದೆ. ಮಳೆಯಿಂದ ಡಾಂಬರು ಕಿತ್ತುಹೋಗುತ್ತಿದ್ದುದರಿಂದ ಘಾಟಿಯ ರಸ್ತೆಯನ್ನು ಎರಡು ಹಂತಗಳಲ್ಲಿ ಕಾಂಕ್ರೀಟೀಕರಣಗೊಳಿಸಲಾಯಿತು. ಎರಡನೆಯ ಹಂತ 2018ರಲ್ಲಿ ಮುಗಿಯಿತು. 2018 ಮತ್ತು 2024ರ ಮಳೆಗಾಲದಲ್ಲಿ ಭೂಕುಸಿತದಿಂದ ಇಲ್ಲಿ ಸಂಚಾರಕ್ಕೆ ತಡೆಯುಂಟಾಯಿತು. ಇಂತಹ ಸಂದರ್ಭಗಳಲ್ಲಿ ಚಾರ್ಮಾಡಿ ಮತ್ತು ಸಂಪಾಜೆ ಘಾಟಿಗಳ ಮೇಲೆ ಒತ್ತಡ ಬೀಳುತ್ತದೆ. ಕಿರಿದಾದ ಘಾಟಿಗಳಲ್ಲಿ ಭಾರೀ ಲಾರಿಗಳಿಗೆ ನಿರ್ಬಂಧವಿರುವುದರಿಂದ ಸರಕು ವಾಹನಗಳು ಬಹುದೂರ ಸುತ್ತಿ ಸಾಗಬೇಕಾಗುತ್ತದೆ. 14 ತಿರುವುಗಳುಳ್ಳ ಆಗುಂಬೆ ಘಾಟಿಯಲ್ಲಿ ಭಾರೀ ಸರಕು ವಾಹನಗಳಿಗೆ ಅವಕಾಶವಿಲ್ಲ.

ರಾಷ್ಟ್ರೀಯ ಹೆದ್ದಾರಿ 52 ಮತ್ತು 67

ಹೆದ್ದಾರಿ 52 ಸೊಲ್ಲಾಪುರದ ಕಡೆಯಿಂದ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅಂಕೋಲಾವನ್ನು ತಲುಪುತ್ತದೆ. ಯಲ್ಲಾಪುರದಿಂದ ಕರಾವಳಿಗೆ ಇಳಿಯುವ ಅರಬೈಲ್ ಘಾಟಿ ಲಾರಿ ಅಪಘಾತಗಳಿಗೆ ಹೆಸರಾಗಿದೆ. ಹೆದ್ದಾರಿ 67 ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಜೋಡಿಸುತ್ತದೆ. ಬಳ್ಳಾರಿಯಿಂದ ಅಂಕೋಲಾವರೆಗಿನ ಹಳೆಯ ರಾಷ್ಟ್ರೀಯ ಹೆದ್ದಾರಿ 63 ಅದಿರು ಸಾಗಣೆಯ ಮುಖ್ಯ ಮಾರ್ಗವಾಗಿತ್ತು.

ಇತರ ಹೆದ್ದಾರಿಗಳು

• ರಾಷ್ಟ್ರೀಯ ಹೆದ್ದಾರಿ 50: ಬೀದರ್, ಕಲಬುರಗಿ, ವಿಜಯಪುರ, ಇಳಕಲ್, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗಗಳನ್ನು ಜೋಡಿಸುತ್ತದೆ. ಉತ್ತರ ಕರ್ನಾಟಕದ ಪ್ರಮುಖ ಸರಕು ಮಾರ್ಗಗಳಲ್ಲಿ ಒಂದಾಗಿದೆ.
• ರಾಷ್ಟ್ರೀಯ ಹೆದ್ದಾರಿ 150ಎ: ಜೇವರ್ಗಿಯಿಂದ ಸಿಂಧನೂರು, ಬಳ್ಳಾರಿ, ಹಿರಿಯೂರು, ಮೈಸೂರುಗಳ ಮೂಲಕ ಚಾಮರಾಜನಗರದವರೆಗೆ ಸಾಗುತ್ತದೆ.
• ರಾಷ್ಟ್ರೀಯ ಹೆದ್ದಾರಿ 275: ಬೆಂಗಳೂರು, ಮೈಸೂರು, ಮಡಿಕೇರಿ, ಬಂಟ್ವಾಳಗಳನ್ನು ಜೋಡಿಸುತ್ತದೆ. ಇದರ 119 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಭಾಗ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಮೊದಲ ತಿಂಗಳುಗಳಲ್ಲಿ ಸರಣಿ ಅಪಘಾತಗಳು ಸಂಭವಿಸಿದ್ದರಿಂದ 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಮೊದಲಾದ ನಿಧಾನಗತಿಯ ವಾಹನಗಳನ್ನು ನಿಷೇಧಿಸಲಾಯಿತು.
• ರಾಷ್ಟ್ರೀಯ ಹೆದ್ದಾರಿ 766: ಮೈಸೂರು, ಗುಂಡ್ಲುಪೇಟೆಗಳ ಮೂಲಕ ಕೇರಳದ ಕೋಯಿಕ್ಕೋಡಿಗೆ ಸಾಗುತ್ತದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿರ್ಬಂಧಿಸಲಾಗಿದೆ.

ಅಪಘಾತಗಳ ಸ್ವರೂಪ

ನಿಂತ ಲಾರಿಗೆ ಹಿಂದಿನಿಂದ ಡಿಕ್ಕಿ

ಕೆಟ್ಟು ನಿಂತ ಅಥವಾ ಚಾಲಕನ ವಿಶ್ರಾಂತಿಗಾಗಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ ಲಾರಿಗೆ ರಾತ್ರಿ ವೇಳೆ ಹಿಂದಿನ ವಾಹನ ಡಿಕ್ಕಿ ಹೊಡೆಯುವುದು ಚತುಷ್ಪಥ ಹೆದ್ದಾರಿಗಳ ಅತ್ಯಂತ ಮಾರಕ ಅಪಘಾತಗಳಲ್ಲಿ ಒಂದು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಗುರುತಿಸಿ ಬ್ರೇಕ್ ಒತ್ತಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕಾದರೆ ಅಷ್ಟರಲ್ಲಿ 33 ಮೀಟರ್ ಕಳೆದಿರುತ್ತದೆ. ಒಣಗಿದ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೂ ವಾಹನ ನಿಲ್ಲಲು ಸುಮಾರು 40 ಮೀಟರ್ ಬೇಕು. ಡಿಮ್ ಮಾಡಿದ ಹೆಡ್‌ಲೈಟಿನ ಬೆಳಕಿನಲ್ಲಿ, ಮಣ್ಣು ಮೆತ್ತಿದ ಹಿಂಬಾಗಿಲಿನ, ದೀಪವಿಲ್ಲದ ಲಾರಿ ಅಷ್ಟು ದೂರದಿಂದ ಕಾಣುವುದಿಲ್ಲ.

ಲಾರಿಯ ಹಿಂಭಾಗದ ಪಾಟಾತನವು ನೆಲದಿಂದ ಎತ್ತರದಲ್ಲಿರುವುದರಿಂದ ಡಿಕ್ಕಿ ಹೊಡೆದ ಕಾರು ಅದರಡಿಗೆ ನುಗ್ಗುತ್ತದೆ. ಆಗ ಕಾರಿನ ಎಂಜಿನ್ ಭಾಗ ಮತ್ತು ಬಂಪರ್ ಆಘಾತವನ್ನು ತಡೆಯುವ ಮೊದಲೇ ಗಾಜು ಹಾಗೂ ಮೇಲ್ಛಾವಣಿಯ ಭಾಗ ಲಾರಿಗೆ ತಗಲುತ್ತದೆ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳಿಂದ ಸಿಗುವ ರಕ್ಷಣೆ ಇಂತಹ ಡಿಕ್ಕಿಯಲ್ಲಿ ತೀರ ಕಡಿಮೆ. ಇದನ್ನು ತಡೆಯಲು ಸರಕು ವಾಹನಗಳ ಹಿಂಭಾಗದಲ್ಲಿ ಕೆಳಮಟ್ಟದ ಅಡ್ಡಪಟ್ಟಿಯನ್ನು ಅಳವಡಿಸುವುದು ಕಡ್ಡಾಯವಾಗಿದೆ. ಮುರಿದ, ಬಾಗಿದ ಅಥವಾ ಕಿತ್ತುಹಾಕಿದ ಪಟ್ಟಿಯಿಂದ ಪ್ರಯೋಜನವಿಲ್ಲ.

ಕೆಟ್ಟುನಿಂತ ಲಾರಿಯ ಹಿಂದೆ ಎಚ್ಚರಿಕೆಯ ತ್ರಿಕೋನದ ಬದಲಿಗೆ ಮರದ ಕೊಂಬೆ ಮತ್ತು ಕಲ್ಲುಗಳನ್ನು ಇಡುವ ರೂಢಿಯೂ ಇದೆ. ರಾತ್ರಿಯಲ್ಲಿ ಇವು ದೂರಕ್ಕೆ ಕಾಣುವುದಿಲ್ಲ. ಲಾರಿ ಹೊರಟುಹೋದ ನಂತರ ರಸ್ತೆಯಲ್ಲೇ ಉಳಿದ ಕಲ್ಲುಗಳು ದ್ವಿಚಕ್ರ ವಾಹನ ಸವಾರರಿಗೆ ಅಪಾಯವನ್ನುಂಟುಮಾಡುತ್ತವೆ.

ಮುಖಾಮುಖಿ ಡಿಕ್ಕಿ ಮತ್ತು ವಿಭಜಕ ದಾಟುವಿಕೆ

ದ್ವಿಪಥ ರಸ್ತೆಯಲ್ಲಿ ನಿಧಾನವಾಗಿ ಸಾಗುವ ಲಾರಿ ಅಥವಾ ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ ಎದುರಿನ ಪಥಕ್ಕೆ ಹೋಗುವುದು ಅನಿವಾರ್ಯ. 30 ಟನ್ ತೂಕದ ಲಾರಿ ಒಂದೂವರೆ ಟನ್ ತೂಕದ ಕಾರಿಗಿಂತ 20 ಪಟ್ಟು ಭಾರವಾಗಿರುವುದರಿಂದ ಡಿಕ್ಕಿಯ ಆಘಾತ ಬಹುಪಾಲು ಚಿಕ್ಕ ವಾಹನದ ಮೇಲೆಯೇ ಬೀಳುತ್ತದೆ. ಚತುಷ್ಪಥ ರಸ್ತೆಗಳಲ್ಲಿಯೂ ಮುಂದಿನ ವಾಹನವನ್ನು ತಪ್ಪಿಸಲು ಹೋದ ಲಾರಿ ವಿಭಜಕವನ್ನು ದಾಟಿ ಎದುರು ದಿಕ್ಕಿನ ವಾಹನಗಳ ಮೇಲೆ ಬಿದ್ದ ಉದಾಹರಣೆಗಳಿವೆ. ಸರ್ವಿಸ್ ರಸ್ತೆಯಿಲ್ಲದ ಕಡೆಗಳಲ್ಲಿ ಯು ತಿರುವಿನ ದೂರವನ್ನು ಉಳಿಸಲು ವಾಹನಗಳು ವಿರುದ್ಧ ದಿಕ್ಕಿನಲ್ಲಿ ಚಲಿಸುವುದೂ ಇಂತಹ ಡಿಕ್ಕಿಗಳಿಗೆ ಕಾರಣವಾಗುತ್ತದೆ.

ಘಾಟಿ ಅಪಘಾತಗಳು

ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತುತ್ತಾ ಇಳಿದಾಗ ಬ್ರೇಕ್ ಡ್ರಮ್ಮುಗಳು ಕಾದು ಹಿಡಿತವನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಘಾಟಿಯನ್ನು ಹತ್ತಲು ಬಳಸುವಷ್ಟೇ ಕೆಳ ಗೇರಿನಲ್ಲಿ ಇಳಿಯಬೇಕು ಎಂಬುದು ಅನುಭವಿ ಚಾಲಕರು ಪಾಲಿಸುವ ನಿಯಮ. ಡೀಸೆಲ್ ಉಳಿಸಲು ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಇಳಿಸುವುದು, ಅಧಿಕ ಭಾರ, ಮಾರ್ಗದ ಪರಿಚಯವಿಲ್ಲದ ಚಾಲಕರು ಮತ್ತು ಮಳೆಗಾಲದ ಮಂಜು ಇಲ್ಲಿನ ಮುಖ್ಯ ಕಾರಣಗಳಾಗಿವೆ. ಉದ್ದನೆಯ ಟ್ರೈಲರ್ ಒಂದು ತಿರುವಿನಲ್ಲಿ ಸಿಕ್ಕಿಬಿದ್ದರೂ ಗಂಟೆಗಟ್ಟಲೆ ಸಂಚಾರ ನಿಂತು ಆಂಬುಲೆನ್ಸ್‌ಗಳಿಗೂ ದಾರಿ ಇಲ್ಲದಂತಾಗುತ್ತದೆ.

ಟ್ಯಾಂಕರ್ ದುರಂತಗಳು

ಎಲ್‌ಪಿಜಿ ಗಾಳಿಗಿಂತ ಭಾರವಾದ ಅನಿಲ. ಟ್ಯಾಂಕರ್ ಪಲ್ಟಿಯಾಗಿ ಸೋರಿಕೆಯಾದರೆ ಅದು ಮೇಲೇರಿ ಚದುರದೆ ನೆಲಮಟ್ಟದಲ್ಲಿ ಹರಡಿ ತಗ್ಗಿನ ಮನೆ, ಅಂಗಡಿಗಳನ್ನು ತಲುಪುತ್ತದೆ. ಒಲೆಯ ಬೆಂಕಿ, ವಾಹನದ ಎಂಜಿನ್ ಅಥವಾ ವಿದ್ಯುತ್ ಕಿಡಿಯಿಂದ ಹೊತ್ತಿಕೊಳ್ಳುತ್ತದೆ. ಹೀಗಾಗಿ ಮಂಗಳೂರಿನಿಂದ ಹೊರಡುವ ಮಾರ್ಗಗಳಲ್ಲಿ ಟ್ಯಾಂಕರ್ ಪಲ್ಟಿಯಾದಾಗ ಎರಡೂ ಬದಿಯ ಸಂಚಾರವನ್ನು ನಿಲ್ಲಿಸಿ, ಸುತ್ತಲಿನ ಮನೆಗಳಲ್ಲಿ ಒಲೆ ಹಚ್ಚದಂತೆ ಸೂಚಿಸಿ, ಅನಿಲವನ್ನು ಬೇರೆ ಟ್ಯಾಂಕರಿಗೆ ವರ್ಗಾಯಿಸಲಾಗುತ್ತದೆ. ಮಂಗಳೂರಿನಿಂದ ಹಾಸನ, ಮೈಸೂರು ಮತ್ತು ಬೆಂಗಳೂರುಗಳಿಗೆ ಎಲ್‌ಪಿಜಿ ಕೊಳವೆಮಾರ್ಗವನ್ನು ನಿರ್ಮಿಸಿದ್ದು ಘಾಟಿಯಲ್ಲಿ ಟ್ಯಾಂಕರುಗಳ ಅವಲಂಬನೆಯನ್ನು ತಗ್ಗಿಸುವ ಕ್ರಮವಾಗಿದೆ.

ಸರಕಿನ ಮೇಲೆ ಜನರ ಪ್ರಯಾಣ

ಸಂತೆ ವ್ಯಾಪಾರಿಗಳು, ಹಮಾಲರು ಮತ್ತು ಕೃಷಿ ಕಾರ್ಮಿಕರು ಸರಕಿನೊಂದಿಗೇ ಲಾರಿಯಲ್ಲಿ ಪ್ರಯಾಣಿಸುವುದು ರಾಜ್ಯದ ಹಲವೆಡೆ ಸಾಮಾನ್ಯ. ಸರಕು ವಾಹನದಲ್ಲಿ ಪ್ರಯಾಣಿಕರನ್ನು ಒಯ್ಯುವುದು ಪರವಾನಗಿಯ ಷರತ್ತುಗಳ ಉಲ್ಲಂಘನೆ. ಆದರೂ ನಸುಕಿನಲ್ಲಿ ಸಂತೆಗೆ ತಲುಪಬೇಕಾದವರಿಗೆ ಆ ವೇಳೆಯಲ್ಲಿ ಬಸ್ ಸೌಲಭ್ಯವಿಲ್ಲದಿರುವುದು ಮತ್ತು ಸರಕನ್ನು ಬಿಟ್ಟು ಬೇರೆ ವಾಹನದಲ್ಲಿ ಬರಲಾಗದಿರುವುದು ಇದಕ್ಕೆ ಕಾರಣವಾಗಿದೆ. ಲಾರಿ ಪಲ್ಟಿಯಾದಾಗ ಮೂಟೆಗಳ ಅಡಿಯಲ್ಲಿ ಸಿಲುಕಿ ಸಾವುಗಳು ಸಂಭವಿಸುತ್ತವೆ.

ಕಾರಣಗಳು

ಚಾಲಕರ ದಣಿವು

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ ಮತ್ತು ವಾರಕ್ಕೆ 48 ಗಂಟೆಗಳ ಕೆಲಸದ ಸಾಮಾನ್ಯ ಮಿತಿಯನ್ನು ವಿಧಿಸಿತು. ಮೋಟಾರು ವಾಹನ ಕಾಯ್ದೆಯ 91ನೇ ವಿಧಿಯೂ ಚಾಲಕರ ಕೆಲಸದ ಅವಧಿಯನ್ನು ಮಿತಿಗೊಳಿಸುತ್ತದೆ. ಆದರೆ ಒಂದೆರಡು ಲಾರಿಗಳನ್ನಷ್ಟೇ ಹೊಂದಿರುವ ಮಾಲೀಕರು ಹೆಚ್ಚಾಗಿರುವ ಈ ವ್ಯವಸಾಯದಲ್ಲಿ ಅವಧಿಯ ದಾಖಲೆ ಇಡುವುದು ವಿರಳ. ಚಾಲಕನ ಆದಾಯ ಟ್ರಿಪ್ಪುಗಳ ಸಂಖ್ಯೆಯನ್ನು ಅವಲಂಬಿಸಿದ್ದಾಗ, ಸರಕು ತಲುಪಬೇಕಾದ ಗಡುವು ಇದ್ದಾಗ ನಿದ್ದೆಯೇ ಮೊದಲು ಕಡಿತಗೊಳ್ಳುತ್ತದೆ. ಹಿಂದೆ ಲಾರಿಯಲ್ಲಿ ಇಬ್ಬರು ಚಾಲಕರು, ಅಥವಾ ಒಬ್ಬ ಚಾಲಕ ಮತ್ತು ಒಬ್ಬ ಕ್ಲೀನರ್ ಇರುತ್ತಿದ್ದರು. ವೆಚ್ಚ ತಗ್ಗಿಸಲು ಈಗ ಅನೇಕ ಲಾರಿಗಳು ಒಬ್ಬನೇ ಚಾಲಕನಿಂದ ಸಾಗುತ್ತವೆ.

ನಿಲುಗಡೆಯ ಕೊರತೆ

ಬೆಂಗಳೂರು ನಗರದಲ್ಲಿ ದಟ್ಟಣೆಯ ಅವಧಿಯಲ್ಲಿ ಭಾರೀ ಸರಕು ವಾಹನಗಳಿಗೆ ಪ್ರವೇಶವಿಲ್ಲ. ಇದರಿಂದ ಲಾರಿಗಳು ನಗರದ ಹೊರವಲಯದ ಹೆದ್ದಾರಿಗಳ ಅಂಚಿನಲ್ಲಿ ಸಾಲುಗಟ್ಟಿ ಕಾಯುತ್ತವೆ. ರಾಜ್ಯ ಸರ್ಕಾರದ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ ನಿಯಮಿತವು ಯಶವಂತಪುರ ಮೊದಲಾದ ಕಡೆಗಳಲ್ಲಿ ಲಾರಿ ನಿಲ್ದಾಣಗಳನ್ನು ನಡೆಸುತ್ತದೆ. ದೂರದ ಹೆದ್ದಾರಿಗಳಲ್ಲಿ ಟೋಲ್ ಕೇಂದ್ರಗಳ ಬಳಿ ಲಾರಿ ತಂಗುದಾಣಗಳಿದ್ದರೂ ನೀರು, ಶೌಚಾಲಯ, ಕಾವಲು ಇಲ್ಲದ ಕಡೆ ಚಾಲಕರು ನಿಲ್ಲಲು ಇಚ್ಛಿಸುವುದಿಲ್ಲ. ಡೀಸೆಲ್ ಮತ್ತು ಸರಕಿನ ಕಳವಿನ ಭಯದಿಂದ ಬೆಳಕಿರುವ ಢಾಬಾಗಳ ಮುಂದೆ, ರಸ್ತೆಯ ಮೇಲೆಯೇ ಲಾರಿ ನಿಲ್ಲಿಸುತ್ತಾರೆ.

ಅಧಿಕ ಭಾರ

ಅಧಿಕ ಭಾರದಿಂದ ಲಾರಿ ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ, ಟಯರು ಸಿಡಿಯುವ ಹಾಗೂ ತಿರುವಿನಲ್ಲಿ ಮಗುಚುವ ಸಂಭವ ಬೆಳೆಯುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟಯರುಗಳ ಒಂದು ಆಕ್ಸಲ್‌ನ ಅನುಮತ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಮರಳು, ಜಲ್ಲಿ, ಅದಿರು ಸಾಗಿಸುವ ಟಿಪ್ಪರುಗಳಲ್ಲಿ ಈ ಮಿತಿಯನ್ನೂ ಮೀರುವುದು ಕಂಡುಬರುತ್ತದೆ. ಉತ್ತರ ಕರ್ನಾಟಕದಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಸಾಗುವ, ಹಿಂದಿನ ದೀಪವನ್ನು ಕಬ್ಬು ಮುಚ್ಚಿದ ಜೋಡಿ ಟ್ರೇಲರ್‌ಗಳ ಟ್ರ್ಯಾಕ್ಟರುಗಳು ಇದೇ ಬಗೆಯ ಅಪಾಯವನ್ನು ಒಡ್ಡುತ್ತವೆ.

ರಸ್ತೆಯ ವಿನ್ಯಾಸ

500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿದ್ದರೆ ಅದನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುತ್ತದೆ. ಕೆಳಸೇತುವೆಯಿಲ್ಲದ ಊರಿನ ಅಡ್ಡರಸ್ತೆಗಳು, ವಿಭಜಕದಲ್ಲಿ ಅನಧಿಕೃತವಾಗಿ ತೆರೆದ ದಾರಿಗಳು, ಏಕಾಏಕಿ ಕಿರಿದಾಗುವ ಸೇತುವೆಗಳು ಮತ್ತು ಕಾಮಗಾರಿಯ ಸ್ಥಳದಲ್ಲಿ ಸೂಚನಾ ಫಲಕಗಳಿಲ್ಲದ ತಿರುವುಗಳು ಇಂತಹ ಸ್ಥಳಗಳ ಸಾಮಾನ್ಯ ಲಕ್ಷಣಗಳಾಗಿವೆ.

ಪ್ರಮುಖ ಘಟನೆಗಳು

• 9 ಏಪ್ರಿಲ್ 2013: ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹೊತ್ತಿಕೊಂಡಿತು. ರಸ್ತೆಬದಿಯ ಮನೆಗಳಲ್ಲಿದ್ದವರೂ ಸೇರಿ ಹಲವರು ಮೃತಪಟ್ಟರು.
• 15 ಜನವರಿ 2021: ಧಾರವಾಡ ಬಳಿಯ ಇಟಿಗಟ್ಟಿಯಲ್ಲಿ, ದ್ವಿಪಥ ಬೈಪಾಸ್‌ನಲ್ಲಿ, ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ನಡುವೆ ಡಿಕ್ಕಿ ಸಂಭವಿಸಿ ಕನಿಷ್ಠ 11 ಮಂದಿ ಮೃತಪಟ್ಟರು. ಮೃತರಲ್ಲಿ ಹೆಚ್ಚಿನವರು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು.
• 24 ಮೇ 2022: ಹುಬ್ಬಳ್ಳಿಯ ತಾರಿಹಾಳ ಬಳಿ, ಅದೇ ಬೈಪಾಸ್‌ನಲ್ಲಿ, ಖಾಸಗಿ ಬಸ್ ಮತ್ತು ಲಾರಿ ಮುಖಾಮುಖಿಯಾಗಿ ಕನಿಷ್ಠ 7 ಮಂದಿ ಮೃತಪಟ್ಟರು.
• 25 ಆಗಸ್ಟ್ 2022: ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಸಮೀಪ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಮಂದಿ ಮೃತಪಟ್ಟರು. ಕ್ರೂಸರಿನಲ್ಲಿದ್ದವರು ಕೆಲಸಕ್ಕಾಗಿ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಹೊರಟಿದ್ದ ಕೂಲಿ ಕಾರ್ಮಿಕರು.
• 26 ಅಕ್ಟೋಬರ್ 2023: ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿ 44ರಲ್ಲಿ ಬೆಳಗಿನ ಮಂಜಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಸುಮೊ ವಾಹನ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು.
• 28 ಜೂನ್ 2024: ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಸುಕಿನಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ಅವರು ದೇವಸ್ಥಾನಗಳ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿಗೆ ಮರಳುತ್ತಿದ್ದರು.
• 16 ಜುಲೈ 2024: ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ರಸ್ತೆಬದಿಯಲ್ಲಿದ್ದವರು ಮೃತಪಟ್ಟರು. ಅಲ್ಲಿ ತಂಗಿದ್ದ, ಮರದ ದಿಮ್ಮಿ ಹೊತ್ತು ಕೇರಳಕ್ಕೆ ಸಾಗುತ್ತಿದ್ದ ಲಾರಿ ಚಾಲಕನೊಂದಿಗೆ ಗಂಗಾವಳಿ ನದಿಗೆ ಸೇರಿತು. ಎರಡು ತಿಂಗಳಿಗೂ ಹೆಚ್ಚು ಕಾಲದ ಶೋಧದ ನಂತರ, ಸೆಪ್ಟೆಂಬರಿನಲ್ಲಿ, ಲಾರಿಯನ್ನು ಮೇಲೆತ್ತಲಾಯಿತು.
• 21 ಡಿಸೆಂಬರ್ 2024: ನೆಲಮಂಗಲ ಸಮೀಪದ ತಾಳೆಕೆರೆಯ ಬಳಿ ಹೆದ್ದಾರಿ 48ರಲ್ಲಿ ಕಂಟೇನರ್ ಲಾರಿ ವಿಭಜಕ ದಾಟಿ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ 6 ಮಂದಿ ಮೃತಪಟ್ಟರು.
• 22 ಜನವರಿ 2025: ಯಲ್ಲಾಪುರ ತಾಲ್ಲೂಕಿನ ಅರಬೈಲ್ ಸಮೀಪ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಮತ್ತು ಹಣ್ಣಿನ ವ್ಯಾಪಾರಿಗಳನ್ನು ಒಯ್ಯುತ್ತಿದ್ದ ಲಾರಿ ಕಂದಕಕ್ಕೆ ಉರುಳಿ ಕನಿಷ್ಠ 10 ಮಂದಿ ಮೃತಪಟ್ಟರು.
• 12 ಸೆಪ್ಟೆಂಬರ್ 2025: ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಕನಿಷ್ಠ 9 ಮಂದಿ ಮೃತಪಟ್ಟರು. ಮೃತರಲ್ಲಿ ವಿದ್ಯಾರ್ಥಿಗಳಿದ್ದರು.

ಕಾನೂನು ಮತ್ತು ನಿಯಮಗಳು

ಸರಕು ವಾಹನಗಳ ಸಂಚಾರವು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಳಪಟ್ಟಿದೆ. ಮುಖ್ಯ ವಿಧಿಗಳು ಹೀಗಿವೆ:

• ವೇಗಮಿತಿ: 2018ರ ಅಧಿಸೂಚನೆಯಂತೆ ಸರಕು ವಾಹನಗಳಿಗೆ ವಿಭಜಕವಿರುವ ಚತುಷ್ಪಥ ಹೆದ್ದಾರಿಗಳಲ್ಲಿ ಗಂಟೆಗೆ 80 ಕಿ.ಮೀ., ಇತರ ರಸ್ತೆಗಳಲ್ಲಿ 60 ಕಿ.ಮೀ. ಗರಿಷ್ಠ ಮಿತಿಯಿದೆ. ರಾಜ್ಯಗಳು ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸಬಹುದು.
• ಅಪಾಯಕಾರಿ ನಿಲುಗಡೆ: ಇತರರಿಗೆ ಅಪಾಯವಾಗುವಂತೆ ವಾಹನ ನಿಲ್ಲಿಸುವುದನ್ನು 122ನೇ ವಿಧಿ ನಿಷೇಧಿಸುತ್ತದೆ.
• ಪ್ರತಿಫಲಕ: ಸರಕು ವಾಹನಗಳಿಗೆ ಮುಂಭಾಗದಲ್ಲಿ ಬಿಳಿ ಮತ್ತು ಹಿಂಭಾಗದಲ್ಲಿ ಕೆಂಪು ಪ್ರತಿಫಲಕ ಪಟ್ಟಿಗಳು ಕಡ್ಡಾಯ. ಚಾಲಕರು ಇವನ್ನು ರೇಡಿಯಂ ಎಂದು ಕರೆಯುತ್ತಾರೆ.
• ಅಧಿಕ ಭಾರ: 2019ರ ತಿದ್ದುಪಡಿಯ ನಂತರ 194ನೇ ವಿಧಿಯಡಿ ₹20,000 ದಂಡ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ ₹2,000 ವಿಧಿಸಬಹುದು. ಹೆಚ್ಚುವರಿ ಸರಕನ್ನು ಇಳಿಸಿದ ನಂತರವೇ ವಾಹನ ಮುಂದೆ ಸಾಗಬೇಕು.
• ಚಾಲಕರ ಕ್ಯಾಬಿನ್: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ವಾಹನಗಳ ಕ್ಯಾಬಿನ್‌ಗಳಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ.

ಅಪಘಾತದಲ್ಲಿ ಸಾವಿಗೆ ಕಾರಣನಾಗಿ, ಪೊಲೀಸರಿಗೆ ತಿಳಿಸದೆ ಪರಾರಿಯಾಗುವ ಚಾಲಕನಿಗೆ 10 ವರ್ಷಗಳವರೆಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ವಿಧಿಯನ್ನು ವಿರೋಧಿಸಿ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ನಡೆಸಿದರು. ಸ್ಥಳದಲ್ಲಿ ನಿಂತರೆ ಜನರಿಂದ ಹಲ್ಲೆಯಾಗುವ ಭಯವಿದೆ ಎಂಬುದು ಅವರ ವಾದವಾಗಿತ್ತು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಉಪವಿಧಿಯನ್ನು ತಡೆಹಿಡಿಯಲಾಯಿತು.

ತುರ್ತು ಚಿಕಿತ್ಸೆ ಮತ್ತು ಪರಿಹಾರ

ರಾಜ್ಯದಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಹಾಯವಾಣಿ 1033, ಪೊಲೀಸ್ ಹಾಗೂ ಇತರ ತುರ್ತು ಸೇವೆಗಳಿಗೆ 112 ಸಂಖ್ಯೆಗಳು ಲಭ್ಯವಿವೆ.

2016ರ ಫೆಬ್ರವರಿಯಲ್ಲಿ ನೆಲಮಂಗಲ ಬಳಿ ಲಾರಿ ಡಿಕ್ಕಿಯಿಂದ ತೀವ್ರವಾಗಿ ಗಾಯಗೊಂಡ ಯುವಕನೊಬ್ಬ, ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡುವಂತೆ ಕೋರಿದನು. ಆತನ ನೆನಪಿಗಾಗಿ ರಾಜ್ಯ ಸರ್ಕಾರವು ಅದೇ ವರ್ಷ ಮುಖ್ಯಮಂತ್ರಿಗಳ ಸಾಂತ್ವನ–ಹರೀಶ್ ಯೋಜನೆಯನ್ನು ಜಾರಿಗೆ ತಂದಿತು. ಇದರಡಿ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ₹25,000ವರೆಗೆ ನೆರವು ಒದಗಿಸಲಾಯಿತು. 2025ರ ಮೇ 5ರಂದು ಕೇಂದ್ರ ಸರ್ಕಾರವು ಜಾರಿಗೊಳಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ ₹1.5 ಲಕ್ಷದವರೆಗಿನ ಚಿಕಿತ್ಸೆ ದೊರೆಯುತ್ತದೆ.

ಗಾಯಾಳುಗಳಿಗೆ ನೆರವಾಗುವವರನ್ನು ಪೊಲೀಸ್ ಮತ್ತು ನ್ಯಾಯಾಲಯದ ಕಿರುಕುಳದಿಂದ ರಕ್ಷಿಸಲು ಕರ್ನಾಟಕವು 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು. ಇದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇಂತಹ ಕಾಯ್ದೆಯನ್ನು ತಂದ ಮೊದಲ ರಾಜ್ಯ ಕರ್ನಾಟಕ. ಕೇಂದ್ರ ಕಾಯ್ದೆಗೆ 2019ರಲ್ಲಿ ಸೇರಿಸಲಾದ 134ಎ ವಿಧಿಯೂ ಇದೇ ರಕ್ಷಣೆಯನ್ನು ನೀಡುತ್ತದೆ.

ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಮೃತರ ಕುಟುಂಬಕ್ಕೆ ₹2 ಲಕ್ಷ ಹಾಗೂ ತೀವ್ರ ಗಾಯಾಳುಗಳಿಗೆ ₹50,000 ಪರಿಹಾರಕ್ಕೆ 2022ರ ಏಪ್ರಿಲ್‌ನಿಂದ ಅವಕಾಶವಿದೆ. ವಾಹನ ಪತ್ತೆಯಾದ ಪ್ರಕರಣಗಳಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಬೇಕು. ಮೃತರ ವಯಸ್ಸು, ಆದಾಯ ಮತ್ತು ಅವಲಂಬಿತರ ಸಂಖ್ಯೆಯನ್ನು ಪರಿಗಣಿಸಿ ಪರಿಹಾರವನ್ನು ನಿರ್ಧರಿಸಲಾಗುತ್ತದೆ. ನಿಯಮಬಾಹಿರವಾಗಿ ಸರಕು ವಾಹನದಲ್ಲಿ ಪ್ರಯಾಣಿಸುತ್ತಿದ್ದವರ ಪ್ರಕರಣಗಳಲ್ಲಿ ವಿಮಾ ಕಂಪನಿಗಳು ಹೊಣೆಯನ್ನು ನಿರಾಕರಿಸುವುದರಿಂದ ಬಡ ಕುಟುಂಬಗಳು ದೀರ್ಘ ವ್ಯಾಜ್ಯವನ್ನು ಎದುರಿಸಬೇಕಾಗುತ್ತದೆ.

ತಡೆಗಟ್ಟುವ ಕ್ರಮಗಳು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳ ನೋಂದಣಿ ಫಲಕವನ್ನು ಗುರುತಿಸುವ ಕ್ಯಾಮೆರಾಗಳನ್ನು ಅಳವಡಿಸಿ ಅತಿವೇಗ ಮತ್ತು ಪಥಶಿಸ್ತಿನ ಉಲ್ಲಂಘನೆಗೆ ದಂಡ ವಿಧಿಸಲಾಗುತ್ತಿದೆ. ಹೆದ್ದಾರಿ ಗಸ್ತು ವಾಹನಗಳು ರಸ್ತೆಯ ಅಂಚಿನಲ್ಲಿ ನಿಂತ ಲಾರಿಗಳನ್ನು ತೆರವುಗೊಳಿಸುವ ಹೊಣೆಯನ್ನೂ ಹೊಂದಿವೆ. ಬ್ಲ್ಯಾಕ್ ಸ್ಪಾಟ್‌ಗಳಲ್ಲಿ ಕೆಳಸೇತುವೆ, ಸರ್ವಿಸ್ ರಸ್ತೆ, ಬೀದಿದೀಪ ಮತ್ತು ಲೋಹದ ತಡೆಬೇಲಿಗಳನ್ನು ಒದಗಿಸಲಾಗುತ್ತಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮತ್ತು ಹೊಸಕೋಟೆಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆಯು ಬೆಂಗಳೂರಿಗೆ ಬಾರದ ಸರಕು ವಾಹನಗಳನ್ನು ನಗರದ ಹೊರಗಿನಿಂದಲೇ ಸಾಗಿಸುವ ಉದ್ದೇಶ ಹೊಂದಿದೆ.

ಹಿಂಬದಿಯ ದೀಪ, ಪ್ರತಿಫಲಕ ಪಟ್ಟಿ, ಎಚ್ಚರಿಕೆಯ ತ್ರಿಕೋನ ಮತ್ತು ಹಿಂಭಾಗದ ಅಡ್ಡಪಟ್ಟಿ ಇವು ಕಡಿಮೆ ವೆಚ್ಚದ ಸುರಕ್ಷತಾ ಸಾಧನಗಳು. ಇವುಗಳನ್ನು ಸಾರಿಗೆ ಇಲಾಖೆಯು ಅರ್ಹತಾ ಪ್ರಮಾಣಪತ್ರದ ನವೀಕರಣದ ವೇಳೆ ಪರಿಶೀಲಿಸುತ್ತದೆ. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ಇವು ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವುದು ಮಾಲೀಕ ಮತ್ತು ಚಾಲಕರ ಹೊಣೆಯಾಗಿದೆ.

ಇವನ್ನೂ ನೋಡಿ

• ಕರ್ನಾಟಕದ ರಾಷ್ಟ್ರೀಯ ಹೆದ್ದಾರಿಗಳು
• ಸುವರ್ಣ ಚತುಷ್ಕೋನ
• ಶಿರಾಡಿ ಘಾಟಿ
• ಮೋಟಾರು ವಾಹನ ಕಾಯ್ದೆ, 1988